ದೊಡ್ಡ ಫರ್ನಿಚರ್ ಅಂಗಡಿಗೆ ಹೋದವರು ಸುಸ್ತಾಗಿ ಬರುವುದು ಯಾಕೆ?

ದೊಡ್ಡ ಫರ್ನಿಚರ್ ಅಂಗಡಿಗೆ ಮೊದಲ ಸಲ ಹೋಗಿ ಬಂದವರನ್ನು ಕೇಳಿ ನೋಡಿ, ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಗೋಳು. ಹೋಗಿದ್ದು ಒಂದು ಪುಸ್ತಕದ ಕಪಾಟಿಗೆ. ಒಳಗೆ ಹೋದ ಮೇಲೆ ಹೊರಗೆ ಬರುವ ದಾರಿಯೇ ಸಿಗಲಿಲ್ಲ. ಇಷ್ಟವಾದ ಕಪಾಟು ಕಣ್ಣೆದುರೇ ಇತ್ತು, ಆದರೆ ಅದನ್ನು ಕೊಡುವವರು ಯಾರು, ಎಲ್ಲಿ ಕೇಳಬೇಕು, ಗೊತ್ತಾಗಲಿಲ್ಲ. ಅಂತೂ ಗೋದಾಮಿಗೆ ಬಂದು ಹುಡುಕಿದರೆ ಕಪಾಟಿನ ಮೂರು ಬಾಕ್ಸಿನಲ್ಲಿ ಎರಡು ಸಿಕ್ಕವು, ಮೂರನೆಯದು ಸ್ಟಾಕ್ ಇಲ್ಲ. ಕಾಲು ನೋವು, ಮಕ್ಕಳ ಅಳು, ಗಂಡ ಹೆಂಡತಿ ನಡುವೆ ಒಂದು ಸಣ್ಣ ಜಗಳ. ಮನೆಗೆ ಬಂದಾಗ ಚೀಲದಲ್ಲಿದ್ದದ್ದು ಆರು ಗಾಜಿನ ಲೋಟ, ಎರಡು ಮೇಣದ ಬತ್ತಿ, ಒಂದು ಹೂವಿನ ಕುಂಡ.

"ಅಷ್ಟು ದೊಡ್ಡ ಕಂಪನಿ, ಒಂದು ವ್ಯವಸ್ಥೆ ಬೇಡ್ವಾ?" ಅಂತ ಬೈಯುತ್ತಾರೆ. ವ್ಯವಸ್ಥೆ ಇದೆ, ಬೇಕಾದಷ್ಟಿದೆ. ನಮ್ಮ ಪೇಟೆಯ ಅಂಗಡಿಯಲ್ಲಿ ಬೇರೆಯವರು ಮಾಡಿಕೊಡುತ್ತಿದ್ದ ನಾಲ್ಕೈದು ಕೆಲಸಗಳನ್ನು ಇಲ್ಲಿ ಗಿರಾಕಿಯ ತಲೆಗೆ ಕಟ್ಟಿದ್ದಾರೆ, ಅಷ್ಟೇ. ಬೆಲೆ ಕಡಿಮೆಯಾಗುವುದೂ ಅದರಿಂದಲೇ. ಬಾಗಿಲಲ್ಲಿ ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲವಾದ್ದರಿಂದ ಮೊದಲ ಸಲ ಹೋದವರಿಗೆ ತಲೆಬುಡ ತಿಳಿಯುವುದಿಲ್ಲ.

ನಮ್ಮಲ್ಲಿ ಮನೆಗೆ ಮರದ ಸಾಮಾನು ಬರಲು ಎರಡು ದಾರಿ ಇತ್ತು, ಈಗಲೂ ಇದೆ. ಒಂದು, ಆಚಾರಿಗೆ ಹೇಳಿ ಮಾಡಿಸುವುದು. ಸಾಮಿಲ್ಲಿನಿಂದ ಹಲಸೋ ಮತ್ತಿಯೋ, ಕೈಯಲ್ಲಿ ಕಾಸಿದ್ದರೆ ತೇಗವೋ ತಂದು ಹಾಕಿದರೆ ಅವರು ಮನೆಗೇ ಬಂದು ಅಳತೆ ತೆಗೆದು, ಗೋಡೆ ಸೊಟ್ಟ ಇದ್ದರೆ ಅದಕ್ಕೆ ತಕ್ಕ ಹಾಗೆ ಹಲಗೆ ಕೊಯ್ದು ಕೂರಿಸುತ್ತಾರೆ. ಹೇಳಿದ ದಿನಕ್ಕೆ ಬರುವುದಿಲ್ಲ ಅನ್ನುವುದು ಬೇರೆ ಮಾತು. ಇನ್ನೊಂದು ದಾರಿ, ಪೇಟೆಯ ಫರ್ನಿಚರ್ ಅಂಗಡಿ. ಅಲ್ಲಿ ಹುಡುಗನೊಬ್ಬ ಜೊತೆಗೇ ಓಡಾಡಿ ತೋರಿಸುತ್ತಾನೆ, ಮಾಲೀಕರ ಜೊತೆ ಚೌಕಾಸಿ ಆಗುತ್ತದೆ, ಅಡ್ವಾನ್ಸ್ ಕೊಟ್ಟು ಬರುತ್ತೀರಿ. ಮಾರನೇ ದಿನ ಲಗೇಜ್ ಆಟೋದಲ್ಲಿ ಸಾಮಾನು ಬಂದು, ಇಬ್ಬರು ಮೂರನೇ ಮಹಡಿಗೆ ಹೊತ್ತು ಹಾಕಿ, ಕಾಫಿಗೆ ಅಂತ ಐವತ್ತೋ ನೂರೋ ಇಸಿದುಕೊಂಡು ಹೋಗುತ್ತಾರೆ. ತೋರಿಸುವುದು, ಸ್ಟಾಕ್ ನೋಡುವುದು, ಗೋದಾಮಿನಿಂದ ತೆಗೆಯುವುದು, ಸಾಗಿಸುವುದು, ಜೋಡಿಸುವುದು, ಇದ್ಯಾವುದೂ ನಿಮ್ಮ ಕೆಲಸ ಆಗಿರಲಿಲ್ಲ.

ಇದನ್ನೆಲ್ಲ ಗಿರಾಕಿಯಿಂದ ಮಾಡಿಸಬಹುದು ಅಂತ ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟಿದ್ದು ಸ್ವೀಡನ್ನಿನ ಐಕಿಯಾ. ಇಂಗ್ವಾರ್ ಕಂಪ್ರಾದ್ ಅನ್ನುವ ಹಳ್ಳಿಯ ಹುಡುಗ 1943ರಲ್ಲಿ, ತನ್ನ 17ನೇ ವಯಸ್ಸಿನಲ್ಲಿ, ಶುರು ಮಾಡಿದ ವ್ಯಾಪಾರ ಅದು. ಮೊದಲು ಪೆನ್ನು, ಪರ್ಸು ಮುಂತಾದ ಸಣ್ಣಪುಟ್ಟ ಸಾಮಾನು ಅಂಚೆಯಲ್ಲಿ ಕಳಿಸುತ್ತಿದ್ದ, ಫರ್ನಿಚರ್ ಸೇರಿದ್ದು 1948ರಲ್ಲಿ. ಅಂಚೆ ವ್ಯಾಪಾರದಲ್ಲಿ ಎದುರಾಳಿಗಳು ಬೆಲೆ ಇಳಿಸುತ್ತಾ ಹೋದರು, ಇವನೂ ಇಳಿಸಿದ. ಬೆಲೆ ಇಳಿದ ಹಾಗೆ ಜನಕ್ಕೆ ಅನುಮಾನ ಜಾಸ್ತಿಯಾಯಿತು, ಇಷ್ಟು ಕಡಿಮೆಗೆ ಕೊಡುವ ಮೇಜು ನಿಲ್ಲುತ್ತದಾ ಅಂತ. ಮುಟ್ಟಿ ನೋಡಿ ಆಮೇಲೆ ಆರ್ಡರ್ ಕೊಡಲಿ ಅಂತ 1953ರಲ್ಲಿ ಎಲ್ಮ್‌ಹುಲ್ಟ್ ಅನ್ನುವ ಪುಟ್ಟ ಊರಿನಲ್ಲಿ ಒಂದು ಶೋರೂಮ್ ತೆರೆದರು. 1958ರಲ್ಲಿ ಅದೇ ಊರಿನಲ್ಲಿ ಮೊದಲ ದೊಡ್ಡ ಅಂಗಡಿ ಬಂತು.

ನಡುವೆ ಇನ್ನೊಂದು ಘಟನೆ. ಕಂಪನಿಯ ಡಿಸೈನರ್ ಗಿಲ್ಲಿಸ್ ಲುಂಡ್‌ಗ್ರೆನ್ ಒಂದು ಮೇಜನ್ನು ಕಾರಿಗೆ ತುರುಕಲು ಹೋಗಿ, ಆಗದೆ, ಕಾಲು ಬಿಚ್ಚಿ ಇಟ್ಟರಂತೆ. ಕಂಪನಿ ಹೇಳಿಕೊಳ್ಳುವ ಕಥೆ ಇದು, ಎಷ್ಟು ಉಪ್ಪುಖಾರ ಸೇರಿದೆಯೋ ಬಿಡಿ. ಆದರೆ 1950ರ ದಶಕದ ಮಧ್ಯದಿಂದ ಬಿಡಿಭಾಗಗಳನ್ನು ಚಪ್ಪಟೆ ಬಾಕ್ಸಿನಲ್ಲಿ ಕೊಡುವ ಫ್ಲ್ಯಾಟ್ ಪ್ಯಾಕ್ ಪದ್ಧತಿ ಅವರಲ್ಲಿ ಬೇರೂರಿದ್ದು ನಿಜ.

ಇದರ ಲೆಕ್ಕ ಸುಲಭ. ಜೋಡಿಸಿದ ಮೇಜಿನ ಸುತ್ತ, ಕೆಳಗೆ, ಕಾಲುಗಳ ನಡುವೆ ಇರುವುದೆಲ್ಲ ಬರೀ ಗಾಳಿ. ಲಾರಿಯಲ್ಲಿ ಅದನ್ನು ಸಾಗಿಸಿದರೆ ಗಾಳಿಗೂ ಬಾಡಿಗೆ ಕೊಡಬೇಕು. ಗೋದಾಮಿನಲ್ಲಿ ಇಟ್ಟರೂ ಅಷ್ಟೇ. ಕಾಲು ಬಿಚ್ಚಿ ಹಲಗೆಯ ಮೇಲೆ ಮಲಗಿಸಿದರೆ ಅದೇ ಲಾರಿಯಲ್ಲಿ ಹಲವು ಪಟ್ಟು ಮೇಜು ಹಿಡಿಸುತ್ತದೆ, ದಾರಿಯಲ್ಲಿ ಕಾಲು ಮುರಿಯುವುದೂ ಕಡಿಮೆ. ಜೋಡಿಸುವವನ ಸಂಬಳ ಉಳಿಯಿತು, ಅದು ನಿಮ್ಮ ಪಾಲಿಗೆ ಬಂತು. ಮನೆಗೆ ಸಾಗಿಸುವ ಖರ್ಚೂ ಉಳಿಯಿತು, ಅದೂ ನಿಮ್ಮದೇ.

ಗೋದಾಮಿನಿಂದ ನೀವೇ ಎತ್ತಿಕೊಳ್ಳುವ ಪದ್ಧತಿ ಮಾತ್ರ ಯೋಜನೆಗಿಂತ ಮೊದಲು ಪೇಚಾಟದಿಂದ ಬಂದದ್ದು. 1965ರಲ್ಲಿ ಸ್ಟಾಕ್‌ಹೋಮ್ ಹೊರವಲಯದ ಕುಂಗೆನ್ಸ್ ಕುರ್ವಾದಲ್ಲಿ ದೊಡ್ಡ ಅಂಗಡಿ ಶುರುವಾದಾಗ ಜನ ನುಗ್ಗಿದರು. ಸಾಮಾನು ತಂದುಕೊಡುವ ಸಿಬ್ಬಂದಿ ಎಲ್ಲಿ ಸಾಕಾಗಬೇಕು? ಗೋದಾಮಿನ ಬಾಗಿಲು ತೆಗೆದು, ನೀವೇ ಹೋಗಿ ತಗೊಳ್ಳಿ ಅಂದರು. ಜನ ಬೇಜಾರಿಲ್ಲದೆ ತಾವೇ ಹೊತ್ತುಕೊಂಡು ಬಂದರು. 1970ರಲ್ಲಿ ಆ ಅಂಗಡಿಗೆ ಬೆಂಕಿ ಬಿತ್ತು. ಮರುವರ್ಷ ಮತ್ತೆ ತೆರೆದಾಗ ಈ ಸ್ವಯಂಸೇವೆಯನ್ನೇ ಸರಿಯಾಗಿ ವಿನ್ಯಾಸ ಮಾಡಿ ಸೇರಿಸಿದ್ದರು. ನೀವು ಇವತ್ತು ಬಿಲ್ಲಿಂಗ್ ಕೌಂಟರಿಗೆ ಮುಂಚೆ ನೋಡುವ ಆ ಎತ್ತರದ ರ‍್ಯಾಕುಗಳ ಸಾಲಿನ ಮೂಲ ಇದು.

ಭಾರತಕ್ಕೆ ಈ ಮಾದರಿ ಬಂದದ್ದು ತಡವಾಗಿ. ಐಕಿಯಾದ ಮೊದಲ ಅಂಗಡಿ ಹೈದರಾಬಾದಿನಲ್ಲಿ 2018ರ ಆಗಸ್ಟ್ 9ರಂದು ತೆರೆಯಿತು. ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್ 22ರಂದು. ಸುಮಾರು 4.6 ಲಕ್ಷ ಚದರ ಅಡಿ, ಅಂದರೆ ಹತ್ತು ಎಕರೆಗಿಂತ ಜಾಸ್ತಿ ನೆಲ. ಶುರುವಾದ ವಾರಾಂತ್ಯದಲ್ಲಿ ಒಳಗೆ ಹೋಗಲು ಮೂರು ಗಂಟೆ ಕಾಯಬೇಕು ಅಂತ ಕಂಪನಿಯೇ ಟ್ವೀಟ್ ಮಾಡಿತ್ತು. ದೇವಸ್ಥಾನದ ಕ್ಯೂ ನೋಡಿದ ನಮಗೆ ಕಾಯುವುದು ಹೊಸದಲ್ಲ ಬಿಡಿ, ಕುರ್ಚಿಗಾಗಿ ಕಾಯುವುದು ಹೊಸದು.

ಈಗ ಒಳಗಿನ ದಾರಿಯ ವಿಷಯಕ್ಕೆ ಬರೋಣ, ಜಾಸ್ತಿ ಸಿಟ್ಟು ಬರುವುದು ಅಲ್ಲಿಯೇ. ಇಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೊದಲು ಅಲಂಕಾರ ಮಾಡಿಟ್ಟ ಕೋಣೆಗಳು ಬರುತ್ತವೆ, ಹಾಲ್, ಬೆಡ್‌ರೂಮ್, ಅಡುಗೆಮನೆ ಅಂತ. ಆಮೇಲೆ ಪಾತ್ರೆ, ಬೆಡ್‌ಶೀಟ್, ಲೈಟು ಮುಂತಾದ ಸಣ್ಣ ಸಾಮಾನಿನ ಭಾಗ. ಅದು ದಾಟಿದರೆ ಗೋದಾಮು, ಕೊನೆಗೆ ಬಿಲ್ಲಿಂಗ್. ನೆಲದ ಮೇಲೆ ಬಾಣದ ಗುರುತು ಇರುತ್ತದೆ. ದಾರಿ ಒಂದೇ, ಅದೂ ಸುತ್ತು ಬಳಸು. ಕಿಟಕಿ ಇರುವುದಿಲ್ಲ, ಹಾಗಾಗಿ ಹೊರಗೆ ಬಿಸಿಲಿದೆಯೋ ಕತ್ತಲಾಯಿತೋ ಗೊತ್ತಾಗುವುದಿಲ್ಲ. ಪ್ರತಿ ತಿರುವಿನಲ್ಲಿ ಒಂದು ಹೊಸ ಕೋಣೆ ಎದುರಾಗುತ್ತದೆ, ಮುಂದಿನದು ಕಾಣಿಸುವುದಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರೊಫೆಸರ್ ಅಲನ್ ಪೆನ್ ಕಟ್ಟಡಗಳ ಒಳಗೆ ಜನ ಹೇಗೆ ಓಡಾಡುತ್ತಾರೆ ಅನ್ನುವುದನ್ನೇ ಅಧ್ಯಯನ ಮಾಡಿದವರು. 2011ರಲ್ಲಿ ಕೊಟ್ಟ ಒಂದು ಉಪನ್ಯಾಸದಲ್ಲಿ ಅವರು ಈ ದಾರಿಯ ಬಗ್ಗೆ ಮಾತಾಡಿದ್ದರು. ಅವರ ವಾದದ ಸಾರ ಇಷ್ಟು. ದಾರಿ ಸುತ್ತುಬಳಸು ಆದಾಗ ನಾವು ಎಲ್ಲಿದ್ದೇವೆ ಅನ್ನುವ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದವರು ಬಾಣವನ್ನು ನಂಬಿ ನಡೆಯುತ್ತಾರೆ. ಬೇಕೋ ಬೇಡವೋ, ಎಲ್ಲ ವಿಭಾಗವೂ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಲೋಟ ಇಷ್ಟವಾಯಿತು, ಆಮೇಲೆ ಬಂದು ತಗೊಳ್ಳೋಣ ಅಂದುಕೊಂಡರೆ ಈ ಜಾಗಕ್ಕೆ ಮತ್ತೆ ಬರುವುದು ಹೇಗೆ ಅಂತ ನಿಮಗೇ ಗೊತ್ತಿಲ್ಲ. ಹಾಗಾಗಿ ಈಗಲೇ ಚೀಲಕ್ಕೆ ಹಾಕಿಕೊಳ್ಳುತ್ತೀರಿ. ಕಪಾಟಿಗೆ ಹೋದವರು ಲೋಟ ತಂದದ್ದು ಹೀಗೆ.

ಅಂಗಡಿಯ ವಿನ್ಯಾಸ ನೋಡಿ ಬಂದ ಉದ್ದೇಶವೇ ಮರೆತುಹೋಗುವ ಈ ಸ್ಥಿತಿಗೆ ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿಯ ಹೆಸರಿಟ್ಟು ಗ್ರೂಯೆನ್ ಟ್ರಾನ್ಸ್‌ಫರ್ ಅನ್ನುತ್ತಾರೆ. ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ಈತ ಮಿನಸೋಟ ರಾಜ್ಯದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಮಾಲ್‌ನ ವಿನ್ಯಾಸಕಾರ. ಪಾಪ, ಊರಿನ ಜನ ಸೇರುವ ಒಂದು ಚೌಕ ಕಟ್ಟಬೇಕು ಅಂತ ಅವರ ಆಸೆ ಇತ್ತು. ಕೊನೆಗಾಲದಲ್ಲಿ ಮಾಲ್‌ಗಳು ಬೆಳೆದ ರೀತಿ ನೋಡಿ ಅವುಗಳಿಂದ ದೂರ ಸರಿದರು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ದಾರಿಯ ಬಗ್ಗೆ ಗೊತ್ತಿರಬೇಕಾದ ಒಂದು ಒಳ್ಳೆ ಸುದ್ದಿಯೂ ಇದೆ. ಮಧ್ಯೆ ಮಧ್ಯೆ ಅಡ್ಡದಾರಿಗಳಿರುತ್ತವೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ನೇರ ಹೋಗುವ ಸಣ್ಣ ಬಾಗಿಲುಗಳು, ಎರಡು ಕಪಾಟಿನ ನಡುವಿನ ಸಂದಿಗಳು. ಗೋಡೆಯಲ್ಲಿ ಹಾಕಿದ ನಕ್ಷೆಯಲ್ಲಿ ಇವನ್ನು ಗುರುತಿಸಿರುತ್ತಾರೆ. ಬೆಂಕಿ ಸುರಕ್ಷತೆಯ ದೃಷ್ಟಿಯಿಂದಲೂ ಸಾವಿರಾರು ಜನ ಸೇರುವ ಕಟ್ಟಡದಲ್ಲಿ ಬೇಗ ಹೊರಬೀಳುವ ದಾರಿಗಳು ಇರಲೇಬೇಕು. ಬಾಣ ಬಿಟ್ಟು ನಡೆದರೆ ಯಾರೂ ದಂಡ ಹಾಕುವುದಿಲ್ಲ. ಏನು ಬೇಕು ಅಂತ ಮನೆಯಲ್ಲೇ ವೆಬ್‌ಸೈಟಿನಲ್ಲಿ ನೋಡಿಕೊಂಡು, ಒಳಗೆ ಬಂದ ಕೂಡಲೇ ನಕ್ಷೆಯ ಫೋಟೋ ತೆಗೆದುಕೊಂಡು, ನೇರ ಆ ವಿಭಾಗಕ್ಕೆ ಹೋಗಿ.

ಅಲಂಕಾರದ ಕೋಣೆಗಳು ಇನ್ನೊಂದು ರೀತಿ ಮೋಸ ಮಾಡುತ್ತವೆ. ಮೋಸ ಅನ್ನುವುದು ಜೋರಾಯಿತು, ಕಣ್ಣು ಕಟ್ಟುತ್ತವೆ ಅನ್ನೋಣ. ಆ ಕೋಣೆಗೆ ಒಂದು ಬದಿ ಗೋಡೆಯೇ ಇರುವುದಿಲ್ಲ. ಮೇಲೆ ನೋಡಿದರೆ ಸೂರು ಎಲ್ಲೋ ಎತ್ತರದಲ್ಲಿ. ಬಾಗಿಲು ತೆರೆಯುವ ಜಾಗ, ಸ್ವಿಚ್ ಬೋರ್ಡು, ಕಿಟಕಿಯ ಗ್ರಿಲ್ಲು, ದೇವರ ಗೂಡು, ಮೂಲೆಯಲ್ಲಿ ಮಡಚಿಟ್ಟ ಚಾಪೆ, ಯಾವುದೂ ಇಲ್ಲ. ಅಲ್ಲಿ ಸಣ್ಣದಾಗಿ ಕಂಡ ಸೋಫಾ 10 ಅಡಿ ಅಗಲದ ನಿಮ್ಮ ಹಾಲಿಗೆ ಬಂದರೆ ಆ ಕಡೆಯಿಂದ ಈ ಕಡೆ ಹೋಗಲು ಅಡ್ಡ ತಿರುಗಿ ನಡೆಯಬೇಕಾಗುತ್ತದೆ. ಬೆಳಕೂ ಅಷ್ಟೇ, ಹತ್ತಾರು ಹಳದಿ ದೀಪಗಳ ಕೆಳಗೆ ನೋಡಿದ ಬಟ್ಟೆಯ ಬಣ್ಣ ನಮ್ಮ ಒಂದು ಟ್ಯೂಬ್‌ಲೈಟಿನ ಕೆಳಗೆ ಬೇರೆಯೇ ಕಾಣುತ್ತದೆ.

ಅಳತೆಯಲ್ಲಿ ಎಡವುವುದು ಇಲ್ಲಿಯೇ. ನಮ್ಮ ತಲೆಯಲ್ಲಿ ಮನೆಯ ಅಳತೆ ಅಡಿಯಲ್ಲಿದೆ, ಚೀಟಿಯಲ್ಲಿ ಬರೆದಿರುವುದು ಸೆಂಟಿಮೀಟರಿನಲ್ಲಿ. ಒಂದು ಅಡಿ ಅಂದರೆ 30.48 ಸೆಂ.ಮೀ. ಅದು ಫೋನಿನಲ್ಲಿ ಲೆಕ್ಕ ಹಾಕಿದರೆ ಮುಗಿಯಿತು. ಆದರೆ ಮಂಚದ ವಿಷಯ ಬೇರೆ. ಯುರೋಪಿನ ಮಂಚಗಳು ಸಾಮಾನ್ಯವಾಗಿ 160×200 ಅಥವಾ 180×200 ಸೆಂ.ಮೀ. ಹಾಸಿಗೆಗೆ ತಕ್ಕಂತೆ ಮಾಡಿರುತ್ತವೆ. ನಮ್ಮಲ್ಲಿ ಕ್ವೀನ್ ಅಂದರೆ 60×78 ಇಂಚು, ಕಿಂಗ್ ಅಂದರೆ 72×78 ಇಂಚು. 72 ಇಂಚು ಅಂದರೆ 183 ಸೆಂ.ಮೀ. ನಿಮ್ಮ ಹಳೆಯ ಕಿಂಗ್ ಹಾಸಿಗೆ 180ರ ಚೌಕಟ್ಟಿನಲ್ಲಿ ಮೂರು ಸೆಂ.ಮೀ. ಹಿಡಿಸದೆ ಅಂಚಿನಲ್ಲಿ ಏಳುತ್ತದೆ. ಕ್ವೀನ್ ಹಾಸಿಗೆ 152 ಇರುವುದರಿಂದ 160ರ ಮಂಚದಲ್ಲಿ ಬದಿಗೆ ಸಂದಿ ಉಳಿದು, ರಾತ್ರಿ ಫೋನ್ ಬಿದ್ದರೆ ಸೀದಾ ಅಲ್ಲಿಗೇ ಹೋಗುತ್ತದೆ. ಮಂಚ, ಹಾಸಿಗೆ, ಬೆಡ್‌ಶೀಟ್ ಮೂರೂ ಒಂದೇ ಕಡೆ ತಗೊಳ್ಳುವ ಅನಿವಾರ್ಯ ಹೀಗೆ ಹುಟ್ಟುತ್ತದೆ. ಹೊರಡುವ ಮುಂಚೆ ಮನೆಯ ಗೋಡೆ ಅಳೆದರೆ ಸಾಲದು. ಲಿಫ್ಟಿನ ಒಳಗಿನ ಎತ್ತರ, ಮೆಟ್ಟಿಲಿನ ತಿರುವು, ಬಾಗಿಲಿನ ಅಗಲ, ಇವೂ ಬೇಕು. ಫ್ಲ್ಯಾಟ್ ಪ್ಯಾಕ್ ಬಾಕ್ಸು ತೆಳ್ಳಗಿದ್ದರೂ ಉದ್ದ ಇರುತ್ತದೆ. ಎರಡು ಮೀಟರಿನ ಬಾಕ್ಸು ಹಳೆಯ ಅಪಾರ್ಟ್‌ಮೆಂಟಿನ ಸಣ್ಣ ಲಿಫ್ಟಿಗೆ ಹೋಗುವುದಿಲ್ಲ.

ಇಷ್ಟವಾದ ಕಪಾಟಿನ ಮೇಲೆ ನೇತುಹಾಕಿದ ಚೀಟಿ ಇದೆಯಲ್ಲ, ಅದೇ ಈ ಅಂಗಡಿಯ ಸೇಲ್ಸ್‌ಮನ್. ಬೆಲೆ, ಅಳತೆ, ಏತರಿಂದ ಮಾಡಿದ್ದು, ವಸ್ತುವಿನ ನಂಬರ್, ಗೋದಾಮಿನಲ್ಲಿ ಯಾವ ಸಾಲು, ಯಾವ ಜಾಗ, ಎಲ್ಲ ಅದರಲ್ಲೇ. ಅದರ ಫೋಟೋ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಬಹಳ ಜನ ಬೆಲೆ ಮಾತ್ರ ನೋಡಿ ಮುಂದೆ ಹೋಗುತ್ತಾರೆ, ಆಮೇಲೆ ಗೋದಾಮಿನಲ್ಲಿ ನಿಂತು ಕಕ್ಕಾಬಿಕ್ಕಿ ಆಗುತ್ತಾರೆ. ಅಲ್ಲಿ ಕಪಾಟು ಕಪಾಟಿನ ಹಾಗೆ ಇರುವುದಿಲ್ಲ, ಎಲ್ಲವೂ ಕಂದು ಬಾಕ್ಸು, ನಂಬರ್ ಬಿಟ್ಟರೆ ಬೇರೆ ಗುರುತಿಲ್ಲ.

ಒಂದು ವಸ್ತುವಿಗೆ ಎರಡು ಮೂರು ಬಾಕ್ಸ್ ಇರಬಹುದು. ಬಾಗಿಲು ಒಂದರಲ್ಲಿ, ಚೌಕಟ್ಟು ಒಂದರಲ್ಲಿ, ಹಿಡಿಕೆ ಮತ್ತೊಂದರಲ್ಲಿ. ಬಾಕ್ಸಿನ ಮೇಲೆ 1/3, 2/3 ಅಂತ ಬರೆದಿದ್ದರೆ ಮೂರೂ ಬೇಕು ಅಂತ ಅರ್ಥ. ಶೋರೂಮಿನಲ್ಲಿ ನೋಡಿದ ಬೆಲೆ ಬರೀ ಚೌಕಟ್ಟಿನದ್ದೋ, ಬಾಗಿಲೂ ಸೇರಿದೆಯೋ, ಒಳಗಿನ ಡ್ರಾಯರ್ ಬೇರೆಯೋ, ಇದನ್ನು ಚೀಟಿಯಲ್ಲಿ ಪೂರ್ತಿ ಓದಿದರೆ ಮಾತ್ರ ಗೊತ್ತಾಗುತ್ತದೆ. ವಾರ್ಡ್‌ರೋಬ್ ತರಹದ ದೊಡ್ಡ ಸಾಮಾನಿನಲ್ಲಿ ಇದು ಬಿಲ್ಲನ್ನೇ ಬದಲಿಸಿಬಿಡುತ್ತದೆ. ಸ್ಟಾಕ್ ಇದೆಯಾ ಅನ್ನುವುದನ್ನು ಹೊರಡುವ ದಿನ ಬೆಳಗ್ಗೆ ವೆಬ್‌ಸೈಟಿನಲ್ಲಿ ನೋಡಿ. ಒಂದೋ ಎರಡೋ ಉಳಿದಿದೆ ಅಂತಿದ್ದರೆ ನಂಬಬೇಡಿ, ಅದು ಆಗಲೇ ಯಾರದ್ದೋ ಟ್ರಾಲಿಯಲ್ಲಿರಬಹುದು.

ಮನೆಗೆ ತಲುಪಿಸುವುದಕ್ಕೆ ಬೇರೆ ದುಡ್ಡು, ಜೋಡಿಸಿ ಕೊಡುವುದಕ್ಕೆ ಬೇರೆ ದುಡ್ಡು. ಕೆಲವರು ಇದನ್ನು ಕೇಳಿ ರೇಗುತ್ತಾರೆ. ನನ್ನ ಪ್ರಕಾರ ಇದರಲ್ಲಿ ತಪ್ಪಿಲ್ಲ, ಪೇಟೆ ಅಂಗಡಿಯವರೂ ಇದನ್ನು ಬೆಲೆಯೊಳಗೇ ಸೇರಿಸಿರುತ್ತಾರೆ, ಫ್ರೀ ಡೆಲಿವರಿ ಅಂತ ಬೋರ್ಡ್ ಹಾಕಿರುತ್ತಾರೆ ಅಷ್ಟೇ. ಹೋಲಿಸುವಾಗ ಮಾತ್ರ ಎರಡನ್ನೂ ಕೂಡಿಸಿ ಹೋಲಿಸಬೇಕು. ಆಗ ಕೆಲವು ಸಾಮಾನುಗಳಲ್ಲಿ ಪೇಟೆಯ ಅಂಗಡಿಯೇ ಅಗ್ಗ ಬೀಳುತ್ತದೆ. ನಾಗಸಂದ್ರಕ್ಕೆ ಮೆಟ್ರೋದಲ್ಲಿ ಹೋಗುವುದು ಸುಲಭ, ಬರುವಾಗ ಕಪಾಟಿನ ಬಾಕ್ಸ್ ಹಿಡಿದು ಮೆಟ್ರೋ ಹತ್ತುತ್ತೇನೆ ಅಂದರೆ ಆಗುವ ಮಾತಲ್ಲ.

ಚೀಲದ ದುಡ್ಡಿನ ವಿಷಯ ಬೇರೆ. ಬೆಂಗಳೂರಿನ ಅಂಗಡಿಯಲ್ಲಿ ಕಂಪನಿಯ ಹೆಸರಿರುವ ಚೀಲಕ್ಕೆ 20 ರೂಪಾಯಿ ಹಾಕಿದ್ದಕ್ಕೆ ಗ್ರಾಹಕರೊಬ್ಬರು ದೂರು ಕೊಟ್ಟಿದ್ದರು. 2023ರ ಅಕ್ಟೋಬರಿನಲ್ಲಿ ಸುದ್ದಿಯಾದ ಆ ಪ್ರಕರಣದಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗ ಪರಿಹಾರ ಮತ್ತು ಖರ್ಚು ಸೇರಿ 3000 ರೂಪಾಯಿ ಕೊಡಿ ಅಂತ ಆದೇಶ ಮಾಡಿತು. ಸಾಮಾನು ಆರಿಸಿದ ಮೇಲೆ, ಬಿಲ್ಲಿಂಗ್ ಹೊತ್ತಿಗೆ ಚೀಲಕ್ಕೆ ದುಡ್ಡು ಅನ್ನುವುದರ ಬಗ್ಗೆ ನಮ್ಮ ಆಯೋಗಗಳು ಮೊದಲಿಂದಲೂ ಖಡಕ್ಕಾಗಿವೆ. ಮನೆಯಿಂದ ಒಂದು ಬಟ್ಟೆ ಚೀಲ ಒಯ್ದರೆ ಆ ರಗಳೆಯೇ ಇಲ್ಲ.

ಊಟದ ಜಾಗವೂ ಸುಮ್ನೆ ಇಟ್ಟದ್ದಲ್ಲ. ಎಲ್ಮ್‌ಹುಲ್ಟ್ ಅಂಗಡಿಯಲ್ಲಿ 1960ರಲ್ಲೇ ರೆಸ್ಟೋರೆಂಟ್ ಇತ್ತು. ಹೈದರಾಬಾದಿನಲ್ಲಿ ಸಾವಿರ ಜನ ಕೂರುವಷ್ಟು ದೊಡ್ಡದನ್ನು ಕಟ್ಟಿದರು, ದನದ ಮತ್ತು ಹಂದಿಯ ಮಾಂಸ ಬಿಟ್ಟು ಕೋಳಿ ಮತ್ತು ತರಕಾರಿಯ ಉಂಡೆಗಳನ್ನು ಇಟ್ಟರು. ಹಸಿದವರು ಸೋಫಾ ನೋಡುವುದು ಬಿಟ್ಟು ಮನೆಗೆ ಹೋಗುತ್ತಾರೆ. ಹೊಟ್ಟೆ ತುಂಬಿದವರು ಇನ್ನೊಂದು ಸುತ್ತು ಹಾಕುತ್ತಾರೆ. ಜೊತೆಗೆ, ಊಟ ಅಗ್ಗ ಇದ್ದರೆ ಅಲ್ಲಿರುವ ಎಲ್ಲವೂ ಅಗ್ಗ ಅನ್ನುವ ಭಾವನೆ ಬರುತ್ತದೆ. ಕುರ್ಚಿಯ ಸರಿಯಾದ ಬೆಲೆ ಎಷ್ಟು ಅಂತ ನಮಗೆ ಗೊತ್ತಿಲ್ಲ, ಕಾಫಿಯ ಬೆಲೆ ಗೊತ್ತು.

ಇನ್ನು ಮರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮನೆಗೆ ತಂದ ಮೇಲೆ ಎದುರಾಗುವ ತೊಂದರೆಗಳ ಬುಡ ಇಲ್ಲಿದೆ. ಕಡಿಮೆ ಬೆಲೆಯ ಫ್ಲ್ಯಾಟ್ ಪ್ಯಾಕ್ ಕಪಾಟುಗಳಲ್ಲಿ ಹೆಚ್ಚಿನವು ಪಾರ್ಟಿಕಲ್ ಬೋರ್ಡಿನವು. ಮರದ ಚೂರು, ಪುಡಿಯನ್ನು ಅಂಟು ಹಾಕಿ ರವೆ ಉಂಡೆ ಕಟ್ಟಿದ ಹಾಗೆ ಒತ್ತಿ ಹಲಗೆ ಮಾಡಿ, ಮೇಲೆ ಬಣ್ಣದ ತೆಳು ಹಾಳೆ ಅಂಟಿಸಿರುತ್ತಾರೆ. ಎಂಡಿಎಫ್ ಅಂದರೆ ಅದಕ್ಕಿಂತ ನುಣುಪಾದ ನಾರಿನಿಂದ ಮಾಡಿದ್ದು. ಪ್ಲೈವುಡ್ ಬೇರೆ, ಅದರಲ್ಲಿ ತೆಳು ಮರದ ಪದರಗಳನ್ನು ಒಂದಕ್ಕೊಂದು ಅಡ್ಡಡ್ಡ ಇಟ್ಟು ಅಂಟಿಸುತ್ತಾರೆ, ಹಾಗಾಗಿ ಬಲ ಜಾಸ್ತಿ. ಇನ್ನೂ ಹಗುರದ್ದು ಬೇಕಾದರೆ ಒಳಗೆ ಕಾಗದದ ಜೇನುಗೂಡು ಇಟ್ಟು ಮೇಲೆ ಕೆಳಗೆ ತೆಳು ಹಲಗೆ ಹಾಕುತ್ತಾರೆ. ಐಕಿಯಾದ ಲ್ಯಾಕ್ ಅನ್ನುವ ಸಣ್ಣ ಮೇಜು ಇಂಥದ್ದು, ಟೊಳ್ಳು ಬಾಗಿಲು ಮಾಡುವವರ ತಂತ್ರವನ್ನೇ ಮೇಜಿಗೆ ತಂದರು. ಅದನ್ನು ಒಂದು ಕೈಯಲ್ಲಿ ಎತ್ತಬಹುದು. ಅದರ ಮೇಲೆ ಹತ್ತಿ ನಿಂತು ಬಲ್ಬ್ ಬದಲಿಸಬೇಡಿ.

ಪಾರ್ಟಿಕಲ್ ಬೋರ್ಡ್ ಕೆಟ್ಟದ್ದು ಅಂತ ಸಾರಾಸಗಟಾಗಿ ಹೇಳುವವರ ಜೊತೆ ನಾನಿಲ್ಲ. ಒಣಗಿದ ಕೋಣೆಯಲ್ಲಿ, ಒಂದೇ ಜಾಗದಲ್ಲಿ, ಪುಸ್ತಕ ಇಟ್ಟುಕೊಂಡು ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಅದರ ಶತ್ರು ನೀರು. ಅಂಚಿನ ಪಟ್ಟಿ ಬಿಟ್ಟ ಕಡೆ ನೀರು ಒಳಗೆ ಹೋದರೆ ಪುಡಿ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನಾವೋ ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವವರು, ಹಬ್ಬ ಬಂದರೆ ಬಕೆಟ್ ನೀರು ಹುಯ್ದು ತೊಳೆಯುವವರು. ಹೀಗಾಗಿ ಕಪಾಟಿನ ಬುಡ ಮೊದಲು ಹೋಗುತ್ತದೆ. ಮಂಗಳೂರು, ಕಾರವಾರದ ಕಡೆಯ ಮಳೆಗಾಲ, ಮಲೆನಾಡಿನ ಥಂಡಿಯಲ್ಲಂತೂ ಗೋಡೆಗೆ ಒತ್ತಿ ಇಟ್ಟರೆ ಹಿಂಬದಿಯ ತೆಳು ಹಲಗೆಗೆ ಬೂಷ್ಟು ಹಿಡಿಯುತ್ತದೆ. ಕೆಳಗೆ ಪ್ಲಾಸ್ಟಿಕ್ ಅಥವಾ ಲೋಹದ ಕಾಲು ಇರುವಂಥದ್ದನ್ನು ಆರಿಸಿ, ಗೋಡೆಯಿಂದ ಸ್ವಲ್ಪ ಸಂದಿ ಬಿಡಿ. ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿಗೆ ಆಚಾರಿಯಿಂದ ಪ್ಲೈವುಡ್ಡಿನಲ್ಲೇ ಮಾಡಿಸುವುದು ಒಳ್ಳೆಯದು. ತಗೊಳ್ಳುವಾಗ ಹಲಗೆಯ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ನಂಬರ್ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ಅಂದರೆ ನೀರಿಗೆ ಜಾಸ್ತಿ ತಡೆಯುವ ಮರೀನ್ ಪ್ಲೈವುಡ್.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. 11 ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಬದಲಿಸುವಾಗ ಇದನ್ನು ಬಿಚ್ಚಿ ಮತ್ತೆ ಜೋಡಿಸಬಹುದು ಅಂದುಕೊಂಡಿರುತ್ತೀರಿ. ಮರದಲ್ಲಿ ಸ್ಕ್ರೂ ಎರಡನೇ ಸಲವೂ ಕಚ್ಚುತ್ತದೆ. ಪಾರ್ಟಿಕಲ್ ಬೋರ್ಡಿನಲ್ಲಿ ಬಿಚ್ಚಿದಾಗ ಸ್ವಲ್ಪ ಪುಡಿ ಸ್ಕ್ರೂ ಜೊತೆಗೇ ಬರುತ್ತದೆ, ತೂತು ಸಡಿಲವಾಗುತ್ತದೆ. ಅರ್ಧ ಸುತ್ತು ತಿರುಗಿಸಿದರೆ ಬಿಗಿಯಾಗುವ ಗುಂಡನೆಯ ಕ್ಯಾಮ್ ಲಾಕ್ ಇರುವ ಕಡೆ ಪರವಾಗಿಲ್ಲ. ನೇರ ಬೋರ್ಡಿಗೆ ಕೊರೆದ ಕಡೆ, ಮುಖ್ಯವಾಗಿ ಬಾಗಿಲಿನ ಕೀಲುಗಳಲ್ಲಿ, ಮುಂದಿನ ಮನೆಯಲ್ಲಿ ಬಾಗಿಲು ಜೋತುಬೀಳುತ್ತದೆ. ಮೇಲಿಂದ ಮೇಲೆ ಮನೆ ಬದಲಿಸುವವರಿಗೆ ಕಬ್ಬಿಣದ ಚೌಕಟ್ಟಿನ ರ‍್ಯಾಕು ವಾಸಿ.

ಜೋಡಿಸುವ ಪುಸ್ತಕದಲ್ಲಿ ಅಕ್ಷರವೇ ಇಲ್ಲ ಅಂತ ಕೆಲವರಿಗೆ ಸಿಟ್ಟು. ಹತ್ತಾರು ದೇಶಕ್ಕೆ ಒಂದೇ ಪುಸ್ತಕ ಸಾಕಾಗಲಿ ಅಂತ ಬರೀ ಚಿತ್ರ ಹಾಕಿರುತ್ತಾರೆ. ಓದುವ ಅಭ್ಯಾಸ ಇರುವವರಿಗೆ ಚಿತ್ರ ನೋಡುವ ತಾಳ್ಮೆ ಇರುವುದಿಲ್ಲ ಅಂತ ಕಾಣುತ್ತದೆ. ಚಿತ್ರದಲ್ಲಿ ತೂತು ಯಾವ ಕಡೆ ಇದೆ, ಬಣ್ಣದ ಅಂಚು ಮುಂದಿದೆಯೋ ಹಿಂದಿದೆಯೋ, ಇಷ್ಟನ್ನು ನೋಡಿಕೊಂಡರೆ ಮುಕ್ಕಾಲು ತಪ್ಪು ತಪ್ಪುತ್ತದೆ. ಮೊದಲು ಸ್ಕ್ರೂಗಳನ್ನೆಲ್ಲ ಎಣಿಸಿ ತಟ್ಟೆಯಲ್ಲಿ ಬೇರೆ ಬೇರೆ ಇಡಿ. ಎಲ್ಲ ಹಲಗೆ ಕೂರುವವರೆಗೂ ಯಾವ ಸ್ಕ್ರೂವನ್ನೂ ಪೂರ್ತಿ ಬಿಗಿಯಬೇಡಿ, ಕೊನೆಗೆ ಚೌಕ ಸರಿಯಿದೆಯಾ ನೋಡಿ ಬಿಗಿಯಿರಿ. ಪವರ್ ಡ್ರಿಲ್ಲಿನಲ್ಲಿ ಸ್ಕ್ರೂ ತಿರುಗಿಸುವ ಆತುರ ಬೇಡ, ಬೋರ್ಡು ಒಡೆಯುತ್ತದೆ. ಜೊತೆಗೆ ಕೊಟ್ಟ ಆ ಎಲ್ ಆಕಾರದ ಅಲೆನ್ ಕೀ ನಿಧಾನ ಅನಿಸಿದರೂ ಅದೇ ಸರಿ.

ಇಷ್ಟೆಲ್ಲ ಬೆವರು ಸುರಿಸಿದ ಮೇಲೂ ಜನ ಆ ಕಪಾಟನ್ನು ಹೊಗಳುತ್ತಾರಲ್ಲ, ಅದಕ್ಕೂ ಕಾರಣ ಹುಡುಕಿದ್ದಾರೆ. ಮೈಕೆಲ್ ನಾರ್ಟನ್, ಡೇನಿಯಲ್ ಮೋಕನ್, ಡ್ಯಾನ್ ಏರಿಯಲಿ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಐಕಿಯಾದ ಸಾದಾ ಡಬ್ಬಗಳನ್ನು ತಾವೇ ಜೋಡಿಸಲು ಕೊಟ್ಟರು, ಕೆಲವರಿಗೆ ಜೋಡಿಸಿದ್ದನ್ನೇ ಕೊಟ್ಟರು. ಜೋಡಿಸಿದ್ದನ್ನು ಪಡೆದವರು ಸರಾಸರಿ 48 ಸೆಂಟ್ ಕೊಡಲು ಒಪ್ಪಿದರೆ ತಾವೇ ಜೋಡಿಸಿದವರು 78 ಸೆಂಟ್ ಅಂದರು. ಡಬ್ಬ ಅದೇ. ಇದಕ್ಕೆ ಐಕಿಯಾ ಎಫೆಕ್ಟ್ ಅಂತ ಹೆಸರು ಬಿತ್ತು. ಕೆಲಸ ಅರ್ಧಕ್ಕೆ ನಿಂತರೆ ಈ ಪ್ರೀತಿ ಹುಟ್ಟುವುದಿಲ್ಲ ಅನ್ನುವುದನ್ನೂ ಅವರು ಕಂಡುಕೊಂಡರು. ಮೂರನೇ ಬಾಕ್ಸ್ ಸಿಗದೆ ವಾಪಸ್ ಬಂದವರು ಯಾಕೆ ಅಷ್ಟು ಉರಿಯುತ್ತಾರೆ ಅಂತ ಈಗ ಅರ್ಥವಾಯಿತಲ್ವಾ?

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಎತ್ತರದ ಕಪಾಟು, ಡ್ರಾಯರ್ ಪೆಟ್ಟಿಗೆ ಜೊತೆಗೆ ಗೋಡೆಗೆ ಕಟ್ಟುವ ಒಂದು ಪಟ್ಟಿ ಅಥವಾ ಕೊಂಡಿ ಬರುತ್ತದೆ. ಬೇಡ, ಬಾಡಿಗೆ ಮನೆ, ಓನರ್ ಬೈಯುತ್ತಾರೆ ಅಂತ ಬಹಳ ಜನ ಅದನ್ನು ಎಸೆಯುತ್ತಾರೆ. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತಿದರೆ ಪೂರ್ತಿ ಪೆಟ್ಟಿಗೆ ಮುಂದಕ್ಕೆ ಬೀಳುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತ ಮೇಲೆ 2016ರ ಜೂನ್‌ನಲ್ಲಿ ಐಕಿಯಾ ಅಲ್ಲಿ ಮಾರಿದ್ದ 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ವಾಪಸ್ ಕರೆಯಬೇಕಾಯಿತು, ಮಾಲ್ಮ್ ಅನ್ನುವ ಸಾಲಿನವೂ ಅದರಲ್ಲಿದ್ದವು. ನಮ್ಮ ಗೋಡೆ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕಿನದ್ದು, ಅದಕ್ಕೆ ಹ್ಯಾಮರ್ ಡ್ರಿಲ್ ಮತ್ತು ಪ್ಲಗ್ ಬೇಕು. ಎಲೆಕ್ಟ್ರಿಷಿಯನ್ನಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ಒಂದು ತೂತಿಗೆ ಓನರ್ ಬೈದರೆ ಬೈಯಲಿ.

ತಂದದ್ದು ಸರಿಯಿಲ್ಲ ಅನಿಸಿದರೆ ಬಿಲ್ಲು, ಬಾಕ್ಸು ಎರಡನ್ನೂ ಇಟ್ಟುಕೊಳ್ಳಿ. ವಾಪಸ್ ತಗೊಳ್ಳುವ ನಿಯಮ ಅಂಗಡಿಯಿಂದ ಅಂಗಡಿಗೆ ಬೇರೆ, ಜೋಡಿಸಿದ ಮೇಲೆ ತಗೊಳ್ಳುತ್ತಾರಾ ಅನ್ನುವುದನ್ನು ದುಡ್ಡು ಕೊಡುವ ಮುಂಚೆ ಕೇಳಿ. ಹಲಗೆಯಲ್ಲೇ ದೋಷ ಇದ್ದು ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದರಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕ ಇಲ್ಲ.

ವಾಪಸ್ ಬಂದ ಸಾಮಾನು, ಶೋರೂಮಿನಲ್ಲಿ ನಿಂತು ಗೀರು ಬಿದ್ದವು ಎಲ್ಲಿಗೆ ಹೋಗುತ್ತವೆ ಅಂದರೆ, ಇಂಥ ಅಂಗಡಿಗಳಲ್ಲಿ ಹೆಚ್ಚಾಗಿ ಬಿಲ್ಲಿಂಗ್ ಆಸುಪಾಸಿನ ಒಂದು ಮೂಲೆಗೆ. ಅಲ್ಲಿ ಬೆಲೆ ಇಳಿಸಿ ಮಾರುತ್ತಾರೆ, ದಾರಿಯ ಕೊನೆಯಲ್ಲಿ ಸುಸ್ತಾಗಿ ಬಂದವರು ಅತ್ತ ತಿರುಗಿಯೂ ನೋಡುವುದಿಲ್ಲ. ವಾರದ ದಿನ, ಅಂಗಡಿ ತೆರೆಯುವ ಹೊತ್ತಿಗೆ ಹೋಗುವುದಾದರೆ ನಾನಂತೂ ಮೊದಲು ಆ ಮೂಲೆಗೇ ಹೋಗಿ ಅನ್ನುತ್ತೇನೆ. ಹೆಚ್ಚಿನವು ಜೋಡಿಸಿಯೇ ಇರುತ್ತವೆ, ಗೀರು ಎಲ್ಲಿದೆ ಅಂತ ಕಣ್ಣಾರೆ ನೋಡಿ ತಗೊಳ್ಳಬಹುದು. ಕೀಲು ಸಡಿಲ ಇದೆಯಾ, ಬುಡ ಉಬ್ಬಿದೆಯಾ ಅಂತ ಮಾತ್ರ ಬಗ್ಗಿ ನೋಡಿ, ಯಾಕೆಂದರೆ ಅಲ್ಲಿಂದ ತಂದದ್ದನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ.